ಲೂಪಸ್ ಇದ್ದರೆ ತಾಯಿಯಾಗಬಹುದೇ? ಬಸಿರಾಗುವ ಮೊದಲೇ ತಿಳಿಯಬೇಕಾದ ವಿಷಯ

ಇವತ್ತಿನ ವಿಷಯ ಸ್ವಲ್ಪ ಗಂಭೀರ. ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಕೆಲಸದವನು. ಆದರೆ ನನ್ನ ಹೆಂಡತಿಗೆ ಲೂಪಸ್ ಇದೆ. ನಮಗೆ ಹಿತೈಷಿಗಳಿಂದ ಎರಡು ಸಲಹೆ ಬಂದವು. ಒಂದು, "ಮಗುವಿನ ಆಸೆ ಬಿಟ್ಟುಬಿಡಿ." ಇನ್ನೊಂದು, "ಬಸಿರಾದ ತಕ್ಷಣ ಮಾತ್ರೆ ಎಲ್ಲಾ ನಿಲ್ಲಿಸಿ." ಎರಡೂ ತಪ್ಪು. ಎರಡನೆಯದಂತೂ ಅಪಾಯ. ಯಾಕೆ ಅಂತ ನೋಡೋಣ.

ನಮ್ಮನ್ನು ಸೋಂಕಿನಿಂದ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ನಮ್ಮ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ ಲೂಪಸ್. ಕೀಲು, ಚರ್ಮ, ಕಿಡ್ನಿ, ರಕ್ತ, ಯಾವುದಕ್ಕೂ ತಗಲಬಹುದು. ರೋಗಿಗಳಲ್ಲಿ 10ಕ್ಕೆ ಸುಮಾರು 9 ಜನ ಹೆಂಗಸರು, ಅದೂ ಹೆಚ್ಚಾಗಿ ಮಗು ಹೆರುವ ವಯಸ್ಸಿನವರು. ಕಾಯಿಲೆ ಕೆಲವು ಕಾಲ ತಣ್ಣಗಿರುತ್ತದೆ, ಆಮೇಲೆ ಕೆರಳುತ್ತದೆ.

ಮೊದಲ ಪ್ರಶ್ನೆ: ಯಾವಾಗ?

ಕಾಯಿಲೆ, ಅದರಲ್ಲೂ ಕಿಡ್ನಿಯ ತೊಂದರೆ, ಕನಿಷ್ಠ 6 ತಿಂಗಳು ತಣ್ಣಗಿರಬೇಕು, ಆಮೇಲೆ ಬಸಿರು. ಇದು ತಜ್ಞರ ಮೊದಲ ನಿಯಮ. ಉತ್ತರ ಅಮೆರಿಕದಲ್ಲಿ ಲೂಪಸ್ ಇರುವ 385 ಗರ್ಭಿಣಿಯರನ್ನು ಗಮನಿಸಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 81ರಷ್ಟು ಜನರಿಗೆ ದೊಡ್ಡ ತೊಡಕಿಲ್ಲದೆ ಹೆರಿಗೆಯಾಯಿತು. ಆದರೆ ಒಂದು ಮಾತು ನೆನಪಿರಲಿ: ಅವರೆಲ್ಲ ಕಾಯಿಲೆ ಹತೋಟಿಯಲ್ಲಿದ್ದವರು. ಕೆರಳಿರುವಾಗ ಬಸಿರಾದರೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಅಪಾಯಗಳು ಯಾವುವು?

ಪ್ರಿ-ಎಕ್ಲಾಂಪ್ಸಿಯಾ: 20 ವಾರದ ನಂತರ ಬಿ.ಪಿ. ಏರುವುದು, ಮೂತ್ರದಲ್ಲಿ ಪ್ರೋಟೀನ್ ಹೋಗುವುದು. ಲೂಪಸ್ ಇದ್ದವರಿಗೆ ಇದರ ಸಾಧ್ಯತೆ ಹೆಚ್ಚು. ತೊಂದರೆ ಏನಪ್ಪಾ ಅಂದ್ರೆ, ಲೂಪಸ್ ಕಿಡ್ನಿಗೆ ತಗಲಿದಾಗಲೂ ಇದೇ ಲಕ್ಷಣಗಳು. ಆದರೆ ಚಿಕಿತ್ಸೆ ಬೇರೆ: ಒಂದಕ್ಕೆ ಕೊನೆಯ ಪರಿಹಾರ ಹೆರಿಗೆ, ಇನ್ನೊಂದಕ್ಕೆ ಲೂಪಸ್ ಔಷಧಿ. ಅದಕ್ಕೇ ಬಸಿರಿಗೆ ಮೊದಲಿನ ಬಿ.ಪಿ., ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್, ಸಿ3, ಸಿ4 ರಿಪೋರ್ಟ್ ಬೇಕು. ಹೋಲಿಸಲು ಹಳೆಯ ರೀಡಿಂಗ್ ಇಲ್ಲದಿದ್ದರೆ ಹೊಸದರ ಅರ್ಥ ಹೇಗೆ ಗೊತ್ತಾಗಬೇಕು? ಇದನ್ನು ತಡೆಯಲು ಸಾಮಾನ್ಯವಾಗಿ 12ರಿಂದ 16ನೇ ವಾರದೊಳಗೆ ಕಡಿಮೆ ಡೋಸ್ ಆಸ್ಪಿರಿನ್ ಶುರು ಮಾಡುತ್ತಾರೆ.

ಆ್ಯಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳು: ಇವು ರಕ್ತ ಹೆಪ್ಪುಗಟ್ಟಿಸುತ್ತವೆ, ಗರ್ಭಪಾತಕ್ಕೂ ಕಾರಣವಾಗುತ್ತವೆ. ಒಮ್ಮೆ ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೆ ಪರೀಕ್ಷೆ. ಹಿಂದೆ ಗರ್ಭಪಾತವಾಗಿದ್ದವರಿಗೆ, ರಕ್ತ ಹೆಪ್ಪುಗಟ್ಟಿದ್ದವರಿಗೆ ಆಸ್ಪಿರಿನ್ ಜೊತೆ ಹೆಪಾರಿನ್ ಇಂಜೆಕ್ಷನ್ ಕೊಡುತ್ತಾರೆ.

ಆ್ಯಂಟಿ-ರೋ ಪ್ರತಿಕಾಯ: ಇದು ತಾಯಿಯಿಂದ ಮಗುವಿಗೆ ದಾಟುತ್ತದೆ. ಕೆಲವು ಶಿಶುಗಳಿಗೆ ಚರ್ಮದ ಮೇಲೆ ಗುಳ್ಳೆ ಬಂದು ಕೆಲವು ತಿಂಗಳಲ್ಲಿ ತಾನೇ ಮಾಯವಾಗುತ್ತದೆ. ಆದರೆ 100ರಲ್ಲಿ ಸುಮಾರು 2 ಶಿಶುಗಳಿಗೆ ಹೃದಯದ ಬಡಿತ ನಿಧಾನವಾಗುವ ಹಾರ್ಟ್ ಬ್ಲಾಕ್ ಆಗಬಹುದು. ಅದು ಪೂರ್ತಿ ಆದರೆ ಶಾಶ್ವತ, ಅನೇಕರಿಗೆ ಪೇಸ್‌ಮೇಕರ್ ಬೇಕಾಗುತ್ತದೆ. ಅದಕ್ಕೆ 16ನೇ ವಾರದ ನಂತರ ಮಗುವಿನ ಹೃದಯದ ಎಕೋ ಮಾಡಿಸುತ್ತಾರೆ.

ಯಾವ ಮಾತ್ರೆ ಇರಲಿ, ಯಾವುದು ಬೇಡ?

ಹೈಡ್ರಾಕ್ಸಿಕ್ಲೋರೋಕ್ವಿನ್ ನಿಲ್ಲಿಸಬಾರದು. ನಿಲ್ಲಿಸಿದರೆ ಕಾಯಿಲೆ ಕೆರಳುವ ಸಾಧ್ಯತೆ ಹೆಚ್ಚು. ಅಜಥಿಯೋಪ್ರಿನ್, ಕಡಿಮೆ ಡೋಸ್ ಪ್ರೆಡ್ನಿಸೊಲೋನ್ ಕೂಡ ಬಸಿರಿನಲ್ಲಿ ನಡೆಯುತ್ತವೆ. ಆದರೆ ಮೈಕೋಫಿನೊಲೇಟ್, ಮೆಥೊಟ್ರೆಕ್ಸೇಟ್ ಮಗುವಿನ ಅಂಗಗಳಿಗೆ ಹಾನಿ ಮಾಡುತ್ತವೆ. ಮೈಕೋಫಿನೊಲೇಟನ್ನು ಕನಿಷ್ಠ 6 ವಾರ ಮೊದಲೇ ಬಿಡಬೇಕು. ಬಿ.ಪಿ.ಗೆ ಕೊಡುವ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಕೂಡ ಗರ್ಭಿಣಿಗೆ ಸಲ್ಲ. ಯಾವುದನ್ನೇ ಬದಲಿಸುವುದಾದರೂ ರುಮಟಾಲಜಿಸ್ಟ್ ಹೇಳಿದ ಮೇಲೆಯೇ. ನೀವಾಗಿಯೇ ಬಿಡಬೇಡಿ.

ತವರಿಗೆ ಹೋಗುವ ಮೊದಲು

ನಮ್ಮಂಥ ಹೊರನಾಡಿನವರಿಗೆ ಇದು ಮುಖ್ಯ. ತೋರಿಸುವುದು ಪುಣೆಯಲ್ಲೋ ಹೈದರಾಬಾದ್‌ನಲ್ಲೋ, ಸೀಮಂತ ಆದ ಮೇಲೆ ಹೆರಿಗೆಗೆ ಊರಿಗೆ. ಅಂದರೆ, ಬಿ.ಪಿ. ಏರುವ ಅಪಾಯ ಹೆಚ್ಚಿರುವ ಕೊನೆಯ ತಿಂಗಳುಗಳಲ್ಲೇ ಡಾಕ್ಟರ್ ಬದಲು! ಸಂಪ್ರದಾಯ ಬಿಡಿ ಅಂತ ನಾನು ಹೇಳಲ್ಲ. ಆದರೆ ಹೋಗುವ ಊರಲ್ಲಿ ಹೈರಿಸ್ಕ್ ಹೆರಿಗೆ ನೋಡುವ ಡಾಕ್ಟರು, ನವಜಾತ ಶಿಶುಗಳ ಐಸಿಯು ಇದೆಯಾ, ಮೊದಲೇ ವಿಚಾರಿಸಿ. ಎಲ್ಲ ರಿಪೋರ್ಟು, ಮಾತ್ರೆಗಳ ಪಟ್ಟಿ ಒಂದೇ ಫೈಲಿನಲ್ಲಿಡಿ. ಇಲ್ಲವಾದರೆ ಅಮ್ಮ ಇಲ್ಲಿಗೇ ಬರಲಿ. ತಲೆನೋವು, ಕಣ್ಣು ಮಂಜು, ಮುಖ ಊತ, ಮಗುವಿನ ಚಲನೆ ಕಡಿಮೆ, ಇವುಗಳಲ್ಲಿ ಯಾವುದಿದ್ದರೂ ಅವತ್ತೇ ಆಸ್ಪತ್ರೆಗೆ ಹೋಗಿ. ಹೆರಿಗೆಯಾದ ಮೇಲೂ ಕಾಯಿಲೆ ಕೆರಳಬಹುದು, ಬಾಣಂತನದಲ್ಲೂ ಮಾತ್ರೆ ತಪ್ಪಿಸಬೇಡಿ.

ನನ್ನ ಹೆಂಡತಿಯ ಮಾತ್ರೆ ಬದಲಾಗಿ 4 ತಿಂಗಳಾಯಿತು, ರಿಪೋರ್ಟ್ ಚೆನ್ನಾಗಿದೆ. ಇನ್ನೂ 2 ತಿಂಗಳು ಕಾಯಬೇಕು. "ಏನಾದ್ರೂ ವಿಶೇಷ ಇದೆಯಾ?" ಅಂತ ಊರಿಂದ ಫೋನ್ ಬಂದಾಗ ಈಗ ನಾವು ಮುಚ್ಚಿಡುವುದಿಲ್ಲ, ಇದನ್ನೇ ಹೇಳುತ್ತೇವೆ. ನಿಮ್ಮ ಮನೆಯಲ್ಲೂ ಇಂಥ ಪರಿಸ್ಥಿತಿ ಇದ್ದರೆ, ಬಸಿರಾದ ಮೇಲಲ್ಲ, ಅದಕ್ಕೂ ಮೊದಲೇ ಡಾಕ್ಟರ ಹತ್ತಿರ ಈ ಮಾತು ಎತ್ತಿ.