ಮತ ಹಾಕುವ ಅವಕಾಶವೇ ಬಾರದ ಕಾರ್ಡಿನಲ್

2025ರ ಮೇ 8ರಂದು ವ್ಯಾಟಿಕನ್ನಿನ ಚಿಮಣಿಯಿಂದ ಬಿಳಿ ಹೊಗೆ ಬಂದು, ಲಿಯೋ 14 ಹೊಸ ಪೋಪ್ ಆದರು. ಮತ ಹಾಕಿದ 133 ಕಾರ್ಡಿನಲ್‌ಗಳಲ್ಲಿ ನಾಲ್ವರು ಭಾರತೀಯರು. ‘ಕರ್ನಾಟಕದವರು ಯಾರೂ ಇಲ್ವೇನೋ?’ ಎಂದು ಹಾಸ್ಟೆಲ್ ಗೆಳೆಯ ಕೇಳಿದ. ಇರಲಿಲ್ಲ. ಆದರೆ ಬೆಂಗಳೂರಿನಿಂದ ರೋಮ್‌ಗೆ ಹೋಗಿ ಕಾರ್ಡಿನಲ್ ಆದವರೊಬ್ಬರಿದ್ದರು, ಡಿ.ಎಸ್. ಲೂರ್ದುಸ್ವಾಮಿ.

1924ರಲ್ಲಿ ತಮಿಳು ಸೀಮೆಯ ಕಲ್ಲೇರಿ ಎಂಬ ಹಳ್ಳಿಯಲ್ಲಿ ಹುಟ್ಟಿದವರು. 27ಕ್ಕೆ ಪಾದ್ರಿ, ರೋಮ್‌ನಲ್ಲಿ ಚರ್ಚ್ ಕಾನೂನಿನ ಡಾಕ್ಟರೇಟ್, 38ಕ್ಕೆ ಬೆಂಗಳೂರಿನ ಸಹಾಯಕ ಬಿಷಪ್, 1968ರಲ್ಲಿ ಅಲ್ಲಿನ ಆರ್ಚ್‌ಬಿಷಪ್. ನಮ್ಮ ಪ್ಲೇಸ್‌ಮೆಂಟ್ ಭಾಷೆಯಲ್ಲಿ ಹೇಳುವುದಾದರೆ ಫಾಸ್ಟ್ ಟ್ರ್ಯಾಕ್!

ಆದರೆ ಕುರ್ಚಿ ಸಿಕ್ಕಿದ ಕಾಲ ಸುಲಭದ್ದಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ ಮುಗಿದದ್ದು 1965ರಲ್ಲಿ. ಅಲ್ಲಿಯವರೆಗೆ ಜಗತ್ತಿನೆಲ್ಲೆಡೆ ಹೆಚ್ಚಾಗಿ ಲ್ಯಾಟಿನ್‌ನಲ್ಲೇ ನಡೆಯುತ್ತಿದ್ದ ಬಲಿಪೂಜೆ ಜನರ ಭಾಷೆಗೆ ಬರತೊಡಗಿತು. ಬೇರೆ ಊರುಗಳಲ್ಲಿ ಇದು ಅನುವಾದದ ಕೆಲಸ. ಬೆಂಗಳೂರಿನಲ್ಲಿ ಹಾಗಲ್ಲ, ಯಾವ ಜನರ ಭಾಷೆ ಎಂಬ ಪ್ರಶ್ನೆ ಎದ್ದಿತು. ಕನ್ನಡವೋ ತಮಿಳೋ ಇಂಗ್ಲಿಷೋ ಕೊಂಕಣಿಯೋ? ಯಾರಿಗೂ ಅರ್ಥವಾಗದ ಲ್ಯಾಟಿನ್ ಇದ್ದಾಗ ಇಲ್ಲದ ಜಗಳ, ಅರ್ಥವಾಗುವ ಭಾಷೆ ಬಂದ ಮೇಲೆ ಶುರುವಾಯಿತು. ತಮ್ಮ ನೆಲದ ಚರ್ಚಿನಲ್ಲೇ ಕನ್ನಡಕ್ಕೆ ಜಾಗ ಕೇಳಬೇಕಾಯಿತೇ ಎಂಬ ಕನ್ನಡ ಕ್ರೈಸ್ತರ ನೋವು ದಶಕಗಳ ಕಾಲ ಉಳಿಯಿತು. ಆ ನೋವು ನ್ಯಾಯವಾದದ್ದೇ ಎಂದು ನನಗನ್ನಿಸುತ್ತದೆ. ಹಾಗೆಂದು ತಲೆಮಾರುಗಳಿಂದ ಇಲ್ಲೇ ಇರುವ ತಮಿಳು ಅಜ್ಜಿ ತನ್ನ ಭಾಷೆಯಲ್ಲಿ ಪ್ರಾರ್ಥಿಸಬಾರದು ಎನ್ನಲು ಮನಸ್ಸು ಬಾರದು.

ಅವರ ತಮ್ಮ ಅಮಲೋರ್‌ಪವದಾಸ್ ಕೂಡ ಪಾದ್ರಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಅಧ್ಯಯನ ಕಲಿಸಿ, ಚಾಮುಂಡಿ ಬೆಟ್ಟದ ಬುಡದಲ್ಲಿ ಅಂಜಲಿ ಆಶ್ರಮ ಕಟ್ಟಿದರು. ಚರ್ಚ್ ಭಾರತೀಯವಾಗಿ ಕಾಣಬೇಕು ಎಂದವರು. ನನಗೆ ಅಣ್ಣನಿಗಿಂತ ಈ ತಮ್ಮನೇ ಕುತೂಹಲದ ವ್ಯಕ್ತಿ. ಅದು ಬೇರೆಯೇ ಲೇಖನ.

1971ರಲ್ಲಿ, 47ರ ವಯಸ್ಸಿನಲ್ಲಿ ಲೂರ್ದುಸ್ವಾಮಿ ಆರ್ಚ್‌ಬಿಷಪ್ ಪೀಠ ಬಿಟ್ಟು ರೋಮ್‌ನ ಕಚೇರಿ ಸೇರಿದರು. ಇಲ್ಲಿ ಮುಖ್ಯಸ್ಥ, ಅಲ್ಲಿ ಇನ್ನೊಬ್ಬರ ಕೈಕೆಳಗೆ ಕಡತ ನೋಡುವ ಕೆಲಸ. ಹದಿನಾಲ್ಕು ವರ್ಷ ಹೀಗೇ ಕಳೆದ ಮೇಲೆ 1985ರ ಮೇ 25ರಂದು ಎರಡನೇ ಜಾನ್ ಪಾಲ್ ಅವರನ್ನು ಕಾರ್ಡಿನಲ್ ಮಾಡಿದರು. ಅದೇ ವರ್ಷ ಪೌರಸ್ತ್ಯ ಚರ್ಚ್‌ಗಳ ವಿಭಾಗದ ಹೊಣೆ. ವ್ಯಾಟಿಕನ್ನಿನ ಇಂಥ ವಿಭಾಗಕ್ಕೆ ಮುಖ್ಯಸ್ಥರಾದ ಮೊದಲ ಭಾರತೀಯ ಅವರು.

ಪೋಪ್ ಆಯ್ಕೆಗೆ ಮತ ಹಾಕಲು 80 ದಾಟಿರಬಾರದು. ಇವರಿಗೆ 80 ತುಂಬಿದ್ದು 2004ರ ಫೆಬ್ರವರಿಯಲ್ಲಿ. ಎರಡನೇ ಜಾನ್ ಪಾಲ್ ತೀರಿಕೊಂಡದ್ದು 2005ರ ಏಪ್ರಿಲ್‌ನಲ್ಲಿ. 29 ವರ್ಷ ಕಾರ್ಡಿನಲ್ ಆಗಿದ್ದರೂ ಒಂದು ಮತ ಹಾಕಲಿಲ್ಲ! 2014ರ ಜೂನ್ 2ರಂದು ರೋಮ್‌ನಲ್ಲಿ ನಿಧನರಾದರು.

ಪೌರಸ್ತ್ಯ ಚರ್ಚ್ ಎಂದರೇನು ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಶಿವಮೊಗ್ಗದಲ್ಲಿ 1988ರಲ್ಲಿ ಸ್ಥಾಪನೆಯಾದ ಲ್ಯಾಟಿನ್ ಪದ್ಧತಿಯ ಧರ್ಮಕ್ಷೇತ್ರವಿದೆ. ಅದರ ಮೊದಲ ಬಿಷಪ್ ಇಗ್ನೇಷಿಯಸ್ ಪಿಂಟೊ ಮುಂದೆ, 1998ರಲ್ಲಿ, ಲೂರ್ದುಸ್ವಾಮಿ ಕೂತಿದ್ದ ಬೆಂಗಳೂರಿನ ಪೀಠಕ್ಕೇ ಹೋದರು. ಅಲ್ಲಿಂದ ಸುಮಾರು 20 ಕಿ.ಮೀ. ಬಸ್ಸಿನಲ್ಲಿ ಹೋದರೆ ಭದ್ರಾವತಿ. ಕೇರಳದಿಂದ ಬಂದು ಮಲೆನಾಡಿನಲ್ಲಿ ನೆಲೆಸಿದ ಕುಟುಂಬಗಳ ಸಿರೋ ಮಲಬಾರ್ ಧರ್ಮಕ್ಷೇತ್ರ 2007ರಿಂದ ಅಲ್ಲಿದೆ. ಇಬ್ಬರು ಬಿಷಪ್, ಎರಡು ಪೂಜಾಪದ್ಧತಿ, ಒಬ್ಬರೇ ಪೋಪ್. ಭದ್ರಾವತಿಯವರದು ಪೌರಸ್ತ್ಯ ಪದ್ಧತಿ.