ಕೆಸರು ದಾರಿಯಲ್ಲಿ ಹತ್ತನೆಯ ಸೈಕಲ್ಲು

ಮೂಡಿಗೆರೆಯಿಂದ ಕಳಸದ ಕಡೆಗೆ ಹೊರಟರೆ ಡಾಂಬರು ರಸ್ತೆಯಿಂದ ಕಾಫಿ ತೋಟಗಳೊಳಕ್ಕೆ ಕವಲೊಡೆಯುವ ಮಣ್ಣಿನ ದಾರಿಗಳು ಉದ್ದಕ್ಕೂ ಕಾಣಸಿಗುತ್ತವೆ. ತೋಟದ ಕೆಲಸದವರು, ಜೀಪು, ದನಕರು, ಶಾಲೆಯ ಮಕ್ಕಳು ಓಡಾಡುವ ಇಂಥ ದಾರಿಗಳೇ ದಪ್ಪ ಟೈರಿನ ಮೌಂಟನ್ ಬೈಕ್ ಸವಾರರಿಗೂ ಇಷ್ಟ. ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ 1970ರ ದಶಕದಲ್ಲಿ ಹಳೆಯ ಸೈಕಲ್ಲುಗಳನ್ನು ಇಳಿಜಾರಿನಲ್ಲಿ ಬಿಡುವ ಹುಚ್ಚಾಟವಾಗಿ ಬೆಳೆದ ಈ ಸವಾರಿ 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಪದಕದ ಸ್ಪರ್ಧೆಯಾಗಿತ್ತು.

ಮಳೆ ಬಿಟ್ಟ ಒಂದು ಸಂಜೆ ಹತ್ತು ಮಂದಿ ಸಾಲಾಗಿ ಇಂಥ ದಾರಿಯಲ್ಲಿ ಇಳಿಯುತ್ತಿದ್ದಾರೆ ಎಂದುಕೊಳ್ಳೋಣ. ಮೊದಲನೆಯವರು ಸಲೀಸಾಗಿ ದಾಟಿದ ತಿರುವಿನಲ್ಲೇ ಹತ್ತನೆಯವರು ಜಾರಿ ಬೀಳಬಹುದು. ಅವರಿಗೆ ಸವಾರಿ ಬಾರದೆಂದು ನಗುವ ಮುಂಚೆ ಮಣ್ಣನ್ನು ನೋಡಬೇಕು. ಮೊದಲನೆಯವರ ಚಕ್ರದ ಕೆಳಗಿದ್ದ ಮಣ್ಣು ಹತ್ತನೆಯವರ ಪಾಲಿಗೆ ಹಾಗೆಯೇ ಉಳಿದಿರುವುದಿಲ್ಲ.

ಜೇಡಿಯ ಕಣಗಳು 0.002 ಮಿ.ಮೀ.ಗಿಂತ ಸಣ್ಣವು; ಹೆಚ್ಚಿನವು ಚಪ್ಪಟೆ. ಮಣ್ಣು ಸ್ವಲ್ಪವೇ ತೇವವಾಗಿದ್ದಾಗ ಕಣಗಳ ಸಂದಿನಲ್ಲಿರುವ ನೀರಿನ ಮೇಲ್ಮೈ ಎಳೆತ ಅವುಗಳನ್ನು ಒಟ್ಟಿಗೆ ಹಿಡಿದಿಡುತ್ತದೆ. ನೀರು ಹೆಚ್ಚಿದಂತೆ ನಡುವಿನ ಪದರ ದಪ್ಪವಾಗಿ ಕಣಗಳು ಒಂದರ ಮೇಲೊಂದು ಜಾರತೊಡಗುತ್ತವೆ. ಸ್ವೀಡನ್ನಿನ ವಿಜ್ಞಾನಿ ಆಲ್ಬರ್ಟ್ ಅಟರ್‌ಬರ್ಗ್ 1911ರಲ್ಲಿ ಈ ಬದಲಾವಣೆಗೆ ಗಡಿಗಳನ್ನು ಗುರುತಿಸಿದರು. ಮಣ್ಣು ಪುಡಿಯಾಗದೆ ಹಿಟ್ಟಿನಂತೆ ನಾದಲು ಬರುವ ತೇವಾಂಶ ಪ್ಲಾಸ್ಟಿಕ್ ಮಿತಿ. ಹರಿಯತೊಡಗುವ ತೇವಾಂಶ ದ್ರವ ಮಿತಿ. ಸವಾರನಿಗೆ ತೊಂದರೆ ಕೊಡುವುದು ಇವೆರಡರ ನಡುವಿನ ಅವಸ್ಥೆ. ಆಗ ಮಣ್ಣು ಟೈರಿನ ಗುಬುಟುಗಳ ಸಂದಿಯಲ್ಲಿ ಮೆತ್ತಿಕೊಳ್ಳುತ್ತದೆ. ಗುಬುಟುಗಳು ಮುಚ್ಚಿಹೋದ ಟೈರು ಸವೆದ ಟೈರಿನಂತೆಯೇ ನುಣುಪು. ಕೆಸರಿಗೆಂದೇ ಮಾಡಿದ ಟೈರುಗಳಲ್ಲಿ ಗುಬುಟುಗಳು ಎತ್ತರವಾಗಿ, ದೂರ ದೂರವಾಗಿ ಇರುವುದು ಮಣ್ಣು ಉದುರಿಹೋಗಲೆಂದು.

‘ಸೈಕಲ್ಲು ಹಗುರ, ಅದರಿಂದ ದಾರಿಗೇನು ಕೇಡು?’ ಎಂದು ಕೇಳುವವರುಂಟು. ಲೆಕ್ಕ ಹಾಕಿ ನೋಡೋಣ. ಸವಾರ ಮತ್ತು ಸೈಕಲ್ಲು ಸೇರಿ 80 ಕಿ.ಗ್ರಾಂ. ಇದ್ದರೆ ಭಾರ ಸುಮಾರು 800 ನ್ಯೂಟನ್, ಚಕ್ರವೊಂದಕ್ಕೆ 400. ಟೈರು ನೆಲವನ್ನು ಒತ್ತುವ ಒತ್ತಡ ಹೆಚ್ಚೂಕಡಿಮೆ ಅದರೊಳಗಿನ ಗಾಳಿಯ ಒತ್ತಡಕ್ಕೆ ಸಮ. ಆ ಒತ್ತಡ 200 ಕಿಲೋಪ್ಯಾಸ್ಕಲ್ ಇದ್ದರೆ ನೆಲಕ್ಕೆ ತಾಗುವ ಜಾಗ 20 ಚದರ ಸೆಂ.ಮೀ. ಅಂದರೆ ಬೆಂಕಿಪೊಟ್ಟಣದ ಮುಖಕ್ಕಿಂತ ತುಸು ಹೆಚ್ಚು. ಜೀಪಿನ ಟೈರಿನಲ್ಲೂ ಗಾಳಿಯ ಒತ್ತಡ ಸುಮಾರು ಇಷ್ಟೇ ಇರುತ್ತದೆ. ತಾಗುವ ಜಾಗ ಮಾತ್ರ ದೊಡ್ಡದು. ಭಾರ ಕಡಿಮೆ ಎಂದ ಮಾತ್ರಕ್ಕೆ ಒತ್ತಡವೂ ಕಡಿಮೆ ಎಂದುಕೊಳ್ಳುವಂತಿಲ್ಲ.

ಇಂಥ ಇಪ್ಪತ್ತು ಚಕ್ರಗಳು ಒಂದೇ ಗೆರೆಯಲ್ಲಿ ಉರುಳಿದಾಗ ಆಗುವುದನ್ನು ಮಲೆನಾಡಿನ ರೈತರು ಚೆನ್ನಾಗಿ ಬಲ್ಲರು. ನಟ್ಟಿಗೆ ಮುಂಚೆ ಗದ್ದೆಯಲ್ಲಿ ನೀರು ನಿಲ್ಲಿಸಿ ಉತ್ತು ಕೆಸರು ಮಾಡುವುದು ಏಕೆ? ಮಣ್ಣಿನ ಹರಳುಗಳು ಒಡೆದು, ಸಣ್ಣ ರಂಧ್ರಗಳು ಮುಚ್ಚಿ, ನೀರು ಇಂಗದೆ ನಿಲ್ಲಲಿ ಎಂದು. ಸೈಕಲ್ಲಿನ ಸಾಲು ದಾರಿಗೆ ಮಾಡುವುದೂ ಇದನ್ನೇ. ಮೊದಲ ಚಕ್ರಕ್ಕೆ ಸಿಕ್ಕ ಹರಳುಮಣ್ಣು ಕೊನೆಯ ಚಕ್ರಕ್ಕೆ ಗದ್ದೆಯಾಗಿರುತ್ತದೆ. ಗದ್ದೆ ಮಟ್ಟಸವಾಗಿರುವುದರಿಂದ ನೀರು ನಿಲ್ಲುತ್ತದೆ. ಇಳಿಜಾರು ದಾರಿಯಲ್ಲಿ ಅದು ಚಕ್ರದ ಗೆರೆಯನ್ನೇ ಹಿಡಿದು ಓಡುತ್ತದೆ. ಮುಂದಿನ ಮಳೆಗೆ ಗೆರೆ ಚರಂಡಿಯಾಗಿ, ಮೇಲ್ಮಣ್ಣು ಹಳ್ಳ ಸೇರಿ, ಕಡೆಗೆ ಭದ್ರೆಗೋ ಹೇಮಾವತಿಗೋ ಹೋಗುತ್ತದೆ. ಮಳೆನೀರನ್ನೂ ಮಣ್ಣನ್ನೂ ತಡೆಯಲೆಂದು ಕಾಫಿ ಗಿಡಗಳ ಸಾಲಿನ ನಡುವೆ ತೊಟ್ಟಿಲು ಗುಂಡಿ ತೋಡಿಸುವ ಬೆಳೆಗಾರರು ಮಳೆಗಾಲದ ಸೈಕಲ್ ಗುಂಪುಗಳನ್ನು ಕಂಡು ಮುಖ ಸಿಂಡರಿಸಿದರೆ ಅದು ಜಿಪುಣತನವಲ್ಲ. ಕೆಸರು ಕಂಡಲ್ಲಿ ದಾರಿಯ ಅಂಚಿಗೆ ಸರಿದು ಹೋಗುವ ಅಭ್ಯಾಸವಂತೂ ಇನ್ನೂ ಕೆಟ್ಟದ್ದು. ದಾರಿ ವರ್ಷ ವರ್ಷವೂ ಅಗಲವಾಗುತ್ತದೆ.

ಇಳಿಜಾರಿನಲ್ಲಿ ಬ್ರೇಕಿನ ಪಾಡೂ ಯೋಚಿಸಬೇಕಾದದ್ದು. 100 ಮೀಟರ್ ಇಳಿದಾಗ 80 ಕಿ.ಗ್ರಾಂ. ಕಳೆದುಕೊಳ್ಳುವ ಶಕ್ತಿ ಸುಮಾರು 78,000 ಜೌಲ್. 25 ಡಿಗ್ರಿಯ ಕಾಲು ಲೀಟರ್ ನೀರನ್ನು ಕುದಿಬಿಂದುವಿಗೆ ತರಲು ಇಷ್ಟು ಸಾಕು. ವೇಗ ಏರಬಾರದೆಂದರೆ ಇದರ ಬಹುಪಾಲನ್ನು ಬ್ರೇಕು ಶಾಖವಾಗಿಸಬೇಕು. ರಿಮ್ಮನ್ನು ಹಿಡಿಯುವ ಬ್ರೇಕಿನಲ್ಲಿ ಕೆಸರುನೀರು ಮೊದಲು ಹಿಡಿತ ತಪ್ಪಿಸುತ್ತದೆ, ಮರಳು ಆಮೇಲೆ ರಿಮ್ಮನ್ನೇ ಸವೆಸುತ್ತದೆ. ಡಿಸ್ಕ್ ಬ್ರೇಕು ಚಕ್ರದ ನಡುವೆ, ನೆಲದಿಂದ ದೂರದಲ್ಲಿರುವುದರಿಂದ ವಾಸಿ.

ಸಂಜೆಯ ಬೆಳಕಿಗೂ ಇದರಲ್ಲಿ ಪಾಲಿದೆ. ಕತ್ತಲಾಗುತ್ತ ಬಂದಂತೆ ನಮ್ಮ ಕಣ್ಣು ಶಂಕು ಕೋಶಗಳಿಂದ ದಂಡ ಕೋಶಗಳ ಕಡೆಗೆ ಹೊರಳುತ್ತದೆ. ದಂಡ ಕೋಶಗಳಿಗೆ ಕೆಂಪು ಬೆಳಕು ಕಾಣುವುದು ಬಹಳ ಕಡಿಮೆ. ಹಾಗಾಗಿ ಕಾಫಿ ಗಿಡದ ಹಸಿರು ಇನ್ನೂ ಕಾಣುತ್ತಿರುವಾಗಲೇ ನಡುವಿನ ಕೆಂಪು ದಾರಿ ಕಪ್ಪಾಗಿಬಿಡುತ್ತದೆ. ಇದಕ್ಕೆ ಪುರ್ಕಿನ್ಯೆ ಪರಿಣಾಮ ಎಂದು ಹೆಸರು. ಒದ್ದೆ ಮಣ್ಣು ಮೊದಲೇ ಒಣಮಣ್ಣಿಗಿಂತ ಕಪ್ಪು. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಮುಳುಗಿದ ಮೇಲೆ ಓಡಾಡಲು ಸಾಕಾಗುವ ಬೆಳಕು ಇರುವುದು ಇಪ್ಪತ್ತು ನಿಮಿಷ ಚಿಲ್ಲರೆ. ಸಿಲ್ವರ್ ಓಕ್, ಹಾಲುವಾಣದ ನೆರಳಿನಲ್ಲಿ ಅಷ್ಟೂ ಇಲ್ಲ. ಆನೆಗಳು ತಿರುಗುವ ಕಡೆಯಂತೂ ಆ ಹೊತ್ತಿಗೆ ಮನೆ ಸೇರಿರುವುದೇ ಒಳ್ಳೆಯದು.

ಹೊರಡಬಹುದೋ ಬಾರದೋ ತಿಳಿಯಲು ಅಟರ್‌ಬರ್ಗ್ ಅವರ ಪರೀಕ್ಷೆಯನ್ನೇ ಬಳಸಬಹುದು, ತರಗತಿಯಲ್ಲೂ ಮಾಡಿಸಬಹುದು. ದಾರಿಯ ಮಣ್ಣನ್ನು ಚಿಟಿಕೆಯಷ್ಟು ತೆಗೆದುಕೊಂಡು, ಕಲ್ಲು ಆರಿಸಿ, ನುಣುಪಾದ ಹಲಗೆಯ ಮೇಲೆ ಅಂಗೈಯಿಂದ ಬತ್ತಿಯಂತೆ ಹೊಸೆಯಬೇಕು. 3 ಮಿ.ಮೀ. ದಪ್ಪಕ್ಕೆ ಬರುವ ಮುಂಚೆಯೇ ತುಂಡಾದರೆ ಮಣ್ಣು ಪ್ಲಾಸ್ಟಿಕ್ ಮಿತಿಯ ಕೆಳಗಿದೆ, ಚಕ್ರವನ್ನು ತಾಳಿಕೊಳ್ಳುತ್ತದೆ. ಅದಕ್ಕಿಂತ ತೆಳ್ಳಗೆ ಎಳೆಯಾದರೆ ಅಂದಿನ ಸವಾರಿ ಡಾಂಬರಿನ ಮೇಲಾಗಲಿ. ಮಣ್ಣನ್ನು ನೆರಳಿನ ತಿರುವಿನಿಂದಲೇ ತೆಗೆಯಬೇಕು. ಬಿಸಿಲು ಬೀಳುವ ಕಡೆಯದು ಬೇಗ ಒಣಗಿರುತ್ತದೆ.