ಸಹಿ ಹಾಕುವ ಮುನ್ನ ಒಂದು ನಿಮಿಷ

“ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ” ಎಂದು ನಮ್ಮ ಅಜ್ಜಿಯರು ಹೇಳುತ್ತಲೇ ಬಂದರು. ವಕೀಲರ ಮನೆಯ ಮೆಟ್ಟಿಲು ಹತ್ತಿದರೆ ಮಾನ ಹೋಯಿತೆಂದು ತಿಳಿಯುವ ಮನೆಗಳು ಇಂದಿಗೂ ಇವೆ. “ಅಯ್ಯೋ, ಕಾನೂನು ಗೀನೂನು ನಮಗ್ಯಾಕ್ರೀ? ಮನೆಯವರಿದ್ದಾರಲ್ಲ, ನೋಡ್ಕೋತಾರೆ” ಎಂದು ನೀವೂ ಅಂದಿರಬಹುದು. ಆದರೆ ಸೋದರಿಯರೇ, ಸ್ವಲ್ಪ ನೆನಪು ಮಾಡಿಕೊಳ್ಳಿ. ಕೆಲಸಕ್ಕೆ ಸೇರಿದ ದಿನ ಎಷ್ಟು ಕಾಗದಗಳಿಗೆ ಸಹಿ ಹಾಕಿದಿರಿ? ಹೆರಿಗೆಗೋ ಆಪರೇಷನ್ನಿಗೋ ಆಸ್ಪತ್ರೆ ಸೇರಿದ ದಿನ ಎಷ್ಟಕ್ಕೆ? ಅವುಗಳಲ್ಲಿ ಓದಿದ್ದು ಎಷ್ಟು?

ನೌಕರಿಯ ತಗಾದೆ, ಚಿಕಿತ್ಸೆಯ ತಗಾದೆ ಇವೆರಡನ್ನೂ ನಡೆಸುವ ವಕೀಲರ ಕೆಲಸ ಸಿನಿಮಾದಲ್ಲಿ ಕಾಣುವಂತೆ ಮೇಜು ಗುದ್ದಿ ಕೂಗಾಡುವುದಲ್ಲ. ಅವರ ಹೆಚ್ಚಿನ ಹೊತ್ತು ಕಾಗದ ಓದುವುದರಲ್ಲೇ ಕಳೆಯುತ್ತದೆ. ಯಾವ ತಾರೀಖು, ಯಾರ ಅಕ್ಷರ, ಯಾರ ಸಹಿ ಎಂದು ಒಂದೊಂದಾಗಿ ನೋಡುತ್ತಾರೆ. ಎಷ್ಟೋ ಮೊಕದ್ದಮೆಗಳ ಹಣೆಬರಹ ಆ ಒಂದು ಸಹಿಯಲ್ಲೇ ಇರುತ್ತದೆ.

ರಾಜೀನಾಮೆ ಕೊಟ್ಟವರು ಯಾರು?

ಬೆಂಗಳೂರಿನ ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಒಬ್ಬ ಹೆಣ್ಣುಮಗಳು ಎಂದಿಟ್ಟುಕೊಳ್ಳಿ. ಬಾಣಂತನ ಮುಗಿಸಿ ವಾಪಸು ಬಂದರೆ ಗೇಟಿನಲ್ಲೇ ತಡೆಯುತ್ತಾರೆ. “ನೀನೇ ಕೆಲಸ ಬಿಟ್ಟೆಯಲ್ಲಮ್ಮ, ಇಗೋ ನಿನ್ನ ಕಾಗದ” ಎನ್ನುತ್ತಾರೆ. ರಜೆಗೆ ಹೋಗುವಾಗ ‘ರಜೆ ಅರ್ಜಿ’ ಎಂದು ನಂಬಿ ಆಕೆ ಸಹಿ ಹಾಕಿದ ಖಾಲಿ ಹಾಳೆ ಈಗ ರಾಜೀನಾಮೆಯಾಗಿ ಕೂತಿದೆ!

ಕಾನೂನು ಏನೋ ಆಕೆಯ ಕಡೆಗೇ ಇದೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳಸಹಿತ ರಜೆ ಬಂತು. ಅದಕ್ಕೆ ಮೊದಲು 12 ವಾರ ಮಾತ್ರ ಇತ್ತು. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿರಬೇಕು, ಅಷ್ಟೆ. (ಇ.ಎಸ್.ಐ. ಇರುವವರಿಗೆ ಹಣ ಅಲ್ಲಿಂದ ಬರುತ್ತದೆ, ದಿನಗಳ ಲೆಕ್ಕ ಸ್ವಲ್ಪ ಬೇರೆ.) ಆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ. “ನಾವು ದಿನಗೂಲಿಯವರು, ನಮಗೆಲ್ಲಿ ಬರುತ್ತೆ?” ಎನ್ನಬೇಡಿ. ದೆಹಲಿ ನಗರಪಾಲಿಕೆಯ ದಿನಗೂಲಿ ಹೆಂಗಸರಿಗೂ ಹೆರಿಗೆ ಸವಲತ್ತು ಸಲ್ಲಬೇಕೆಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ.

ಆದರೆ ಮಾಲೀಕರು “ನಾವು ತೆಗೆದಿಲ್ಲ, ಆಕೆಯೇ ಬಿಟ್ಟಳು” ಎಂದರೆ? ವಕೀಲರ ನಿಜವಾದ ಕೆಲಸ ಶುರುವಾಗುವುದು ಇಲ್ಲಿ. ಹಾಜರಿ ಪುಸ್ತಕ ತರಿಸಿ ಎನ್ನುತ್ತಾರೆ. ಪಾಟೀಸವಾಲಿನಲ್ಲಿ ಮ್ಯಾನೇಜರರನ್ನು ನಿಧಾನವಾಗಿ ಕೇಳುತ್ತಾರೆ: “ರಾಜೀನಾಮೆ ಕೊಟ್ಟ ದಿನ ಈಕೆ ಎಲ್ಲಿದ್ದರು? ಆಸ್ಪತ್ರೆಯ ಚೀಟಿಯ ಪ್ರಕಾರ ಅಂದೇ ಹೆರಿಗೆಯಾಗಿದೆಯಲ್ಲ? ರಾಜೀನಾಮೆ ಒಪ್ಪಿದ್ದೇವೆಂದು ಕಾಗದ ಕಳಿಸಿದಿರಾ? ರಿಜಿಸ್ಟರ್ಡ್ ಅಂಚೆಯ ರಸೀದಿ ಇದೆಯೇ?” ಕೂಗಾಟವಿಲ್ಲ, ಬೈಗುಳವಿಲ್ಲ. ನಾಲ್ಕು ತಾರೀಖು ಒಂದಕ್ಕೊಂದು ಹೊಂದದಿದ್ದರೆ ಸುಳ್ಳು ತಾನಾಗಿಯೇ ಬಯಲಾಗುತ್ತದೆ. ಗೆದ್ದರೆ ಮತ್ತೆ ಕೆಲಸ, ಹಿಂಬಾಕಿ ಸಂಬಳ ಸಿಗಬಹುದು.

ಒಂದು ವಿಷಯ ಮರೆಯಬೇಡಿ. 2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ಹೊಸ ಸಂಹಿತೆಗಳು ಬಂದಿವೆ. ಹೆರಿಗೆಯ 26 ವಾರ ಹಾಗೆಯೇ ಉಳಿದಿದೆ. ಆದರೆ ಕೆಲಸ ಹೋದ ತಗಾದೆಯನ್ನು ಎರಡು ವರ್ಷದೊಳಗೇ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಒಯ್ಯಬೇಕು. ಅಲ್ಲಿ ರಾಜಿಯಾಗದಿದ್ದರೆ ನ್ಯಾಯಮಂಡಳಿ. ಅಲ್ಲಿ ವಕೀಲರು ನಿಲ್ಲಬೇಕಾದರೆ ಎದುರು ಪಕ್ಷದ ಒಪ್ಪಿಗೆಯೂ ಮಂಡಳಿಯ ಅನುಮತಿಯೂ ಬೇಕು. ಇಲ್ಲವಾದರೆ ಕಾರ್ಮಿಕ ಸಂಘದವರು ನಿಮ್ಮ ಪರ ಮಾತನಾಡಬಹುದು.

ಅಮ್ಮನ ಸಹಿ, ಮಗಳ ದೇಹ

ಇನ್ನು ಆಸ್ಪತ್ರೆಯ ವಿಷಯ. ಹಣ ಕೊಟ್ಟು ಪಡೆಯುವ ಚಿಕಿತ್ಸೆಯೂ ಗ್ರಾಹಕ ಕಾನೂನಿನೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪಿತ್ತಿತು. ಅಂದಿನಿಂದ ರೋಗಿಗಳಿಗೆ ಗ್ರಾಹಕ ಆಯೋಗದ ಬಾಗಿಲು ತೆರೆಯಿತು.

ಪ್ರತಿ ಹೆಂಗಸೂ ತಿಳಿದಿರಬೇಕಾದ ಒಂದು ಮೊಕದ್ದಮೆ ಇದೆ. 1995ರಲ್ಲಿ ದೆಹಲಿಯ 44 ವರ್ಷದ ಅವಿವಾಹಿತೆಯೊಬ್ಬರು ಹೆಚ್ಚು ಮುಟ್ಟುಸ್ರಾವದ ತೊಂದರೆಯಿಂದ ವೈದ್ಯರ ಬಳಿ ಹೋದರು. ತೂರುನಳಿಕೆಯಿಂದ ಒಳಗೆ ನೋಡುವ ಲ್ಯಾಪರೋಸ್ಕೋಪಿ ಪರೀಕ್ಷೆಗೆಂದು ಸಹಿ ಹಾಕಿದರು. ಆಕೆ ಅರಿವಳಿಕೆಯಲ್ಲಿ ಮಲಗಿದ್ದಾಗ ಹೊರಗೆ ಕಾಯುತ್ತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದುಬಿಟ್ಟರು. ಎಚ್ಚರವಾದಾಗ ಆಕೆಯ ಪಾಲಿಗೆ ಎಲ್ಲ ಮುಗಿದಿತ್ತು.

ಗ್ರಾಹಕ ಆಯೋಗದಲ್ಲಿ ಆಕೆಗೆ ಸೋಲಾಯಿತು. ಆದರೂ ಬಿಡಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟು ಆಕೆಯ ಮಾತನ್ನು ಎತ್ತಿಹಿಡಿಯಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಸಾಲದು. ಪ್ರಾಪ್ತ ವಯಸ್ಸಿನವಳು, ಬುದ್ಧಿ ಸ್ಥಿಮಿತದಲ್ಲಿರುವವಳು, ತಾತ್ಕಾಲಿಕವಾಗಿ ಮಾತ್ರ ಅರಿವಳಿಕೆಯಲ್ಲಿರುವಾಗ ಪ್ರಾಣಾಪಾಯವಿಲ್ಲದಿದ್ದರೆ ತಾಯಿಯ ಸಹಿ ಮಗಳ ಸಹಿಯಾಗದು ಎಂದಿತು. ಪರಿಹಾರ ಸಿಕ್ಕಿದ್ದು ಬರೀ 25,000 ರೂಪಾಯಿ. ವೈದ್ಯರಿಗೆ ಫೀಸೂ ಸಲ್ಲದು ಎಂದಾಯಿತು. “ಹದಿಮೂರು ವರ್ಷ ಅಲೆದು ಇಷ್ಟೇನಾ?” ಎನ್ನಿಸುತ್ತದಲ್ಲವೇ? ಅಜ್ಜಿಯ ಗಾದೆ ನಿಜವೇ ಆಯಿತು ಎನ್ನಬೇಡಿ. ಆ ತೀರ್ಪಿನಿಂದ ನಿಮ್ಮ ದೇಹದ ಮೇಲೆ ನಿಮ್ಮದೇ ಸಹಿ ಬೇಕು ಎಂಬ ಮಾತು ಕಾನೂನಿನಲ್ಲಿ ನಿಂತಿತು. ಗಂಡನಾಗಲಿ, ಅತ್ತೆಯಾಗಲಿ ನಿಮ್ಮ ಪರವಾಗಿ “ಆಯ್ತು ತೆಗೀರಿ” ಎನ್ನುವಂತಿಲ್ಲ.

ಎಲ್ಲ ನೋವೂ ಮೊಕದ್ದಮೆಯಲ್ಲ

ಚಿಕಿತ್ಸೆ ಫಲಿಸಲಿಲ್ಲವೆಂದ ಮಾತ್ರಕ್ಕೆ ವೈದ್ಯರು ತಪ್ಪು ಮಾಡಿದರೆಂದಲ್ಲ. ದೇಶದಲ್ಲೇ ಶ್ರೇಷ್ಠ ವೈದ್ಯರಂತೆ ಚಿಕಿತ್ಸೆ ಕೊಡಲಿಲ್ಲವೇಕೆ ಎಂದು ಕಾನೂನು ಕೇಳುವುದಿಲ್ಲ. ಆ ವಿದ್ಯೆ ಬಲ್ಲ ಸಾಧಾರಣ ವೈದ್ಯರು ತೋರುವ ಎಚ್ಚರ ತೋರಿದರೇ ಎಂದಷ್ಟೇ ಕೇಳುತ್ತದೆ. ಆದ್ದರಿಂದ ಒಳ್ಳೆಯ ವಕೀಲರು ಕೇಸ್ ಶೀಟ್ ಓದಿ, ಬೇರೆ ವೈದ್ಯರ ಅಭಿಪ್ರಾಯ ಕೇಳಿ, ಕೆಲವೊಮ್ಮೆ “ಅಮ್ಮಾ, ಇದರಲ್ಲಿ ಕೇಸಿಲ್ಲ” ಎಂದುಬಿಡುತ್ತಾರೆ. ಬೇಸರಪಡಬೇಡಿ. ಹಾಗೆ ಹೇಳುವವರೇ ನಂಬಿಕಸ್ಥರು.

ನೀವು ಮಾಡಬೇಕಾದ್ದು

* ಖಾಲಿ ಹಾಳೆಗೆ ಯಾವ ಕಾರಣಕ್ಕೂ ಸಹಿ ಬೇಡ. ಓದಲು ಬಾರದಿದ್ದರೆ ಓದಿಸಿ ಕೇಳಿ.

* ನೇಮಕದ ಪತ್ರ, ಸಂಬಳದ ಚೀಟಿ, ರಜೆ ಅರ್ಜಿಯ ಪ್ರತಿ ಮನೆಯಲ್ಲಿರಲಿ. ಅರ್ಜಿ ಕೊಟ್ಟಾಗ ಪ್ರತಿಯ ಮೇಲೆ ‘ತಲುಪಿದೆ’ ಎಂದು ಬರೆಸಿಕೊಳ್ಳಿ.

* ಆಪರೇಷನ್ನಿಗೆ ಮುಂಚೆ ಕೇಳಿ: ಏನು ಮಾಡುತ್ತೀರಿ, ಬೇರೆ ದಾರಿ ಇದೆಯೇ, ಅಪಾಯವೇನು?

* ಒಳರೋಗಿಯಾಗಿದ್ದರೆ ದಾಖಲೆಗಳ ಪ್ರತಿಯನ್ನು ಬರಹದಲ್ಲಿ ಕೇಳಿ. ವೈದ್ಯರು 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ.

* ಗ್ರಾಹಕ ಆಯೋಗಕ್ಕೂ ಎರಡು ವರ್ಷದ ಗಡುವಿದೆ. ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ನೀವೇ ವಾದಿಸಬಹುದು.

“ವಕೀಲರಿಗೆ ಕೊಡೋಕೆ ದುಡ್ಡೆಲ್ಲಿದೆ?” ಎನ್ನುವಿರಾ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಉಚಿತ ಕಾನೂನು ನೆರವಿದೆ. ಆದಾಯ ಎಷ್ಟೆಂದು ನೋಡುವಂತಿಲ್ಲ. ತಾಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಇಲ್ಲವೇ 15100ಕ್ಕೆ ಫೋನ್ ಮಾಡಿ.

ಒಡವೆಯ ರಸೀದಿಯನ್ನು ಬೀರುವಿನಲ್ಲಿ ಎಷ್ಟು ಜೋಪಾನವಾಗಿ ಇಡುತ್ತೀರಿ! ಅದರ ಪಕ್ಕದಲ್ಲೇ ಈ ಕಾಗದಗಳಿಗೂ ಒಂದು ಚೀಲ ಇರಲಿ. ದೇವರ ದಯೆಯಿಂದ ಅದನ್ನು ತೆರೆಯುವ ಪ್ರಸಂಗ ಬಾರದಿರಲಿ. ಬಂದರೆ, ನಿಮ್ಮ ವಕೀಲರು ಮೊದಲು ಕೇಳುವುದು ಅದನ್ನೇ.